ಎರಡು ದಿನದಲ್ಲಿ ಮುಂಬಯಿ: ಮೊದಲ ಸಲ ಹೋಗುವವರಿಗೊಂದು ಪಾಠ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶ ಓದುವುದನ್ನು ಕಲಿಸಲು ಶಾಲೆಗಳಿವೆ, ಪಠ್ಯಪುಸ್ತಕಗಳಿವೆ, ಪರೀಕ್ಷೆಗಳಿವೆ. ದೇಶ ಸುತ್ತುವುದನ್ನು ಮಾತ್ರ ಯಾರೂ ಯಾರಿಗೂ ಕಲಿಸುವುದಿಲ್ಲ. ಗಾಡಿ ಹತ್ತಿದರೆ ಸಾಕು, ಅದು ತಾನಾಗಿಯೇ ಬರುತ್ತದೆಂದು ಎಲ್ಲರೂ ತಿಳಿಯುತ್ತೇವೆ. ಹಾಗೆ ತಿಳಿದು ಒಮ್ಮೆ ನಾವೂ ಪೆಟ್ಟು ತಿಂದೆವು.

ಈ ವರ್ಷ ಮುಂಬಯಿ ಪ್ರವಾಸದ ವಿಚಾರವಾಗಿ ಪಾಲಕರ ಸಭೆ ಕರೆದಿದ್ದೆವು. ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತು ಕೇಳಿದರು: “ಸರ, ಎರಡ ದಿನಕ್ಕ ಇಷ್ಟ ರೊಕ್ಕ ಆಗ್ತದಲ್ರೀ. ಅಷ್ಟರಾಗ ಹುಡುಗ ಏನ ನೋಡಿ ಬರ್ತಾನ್ರೀ?”

ಸಭೆಯಲ್ಲಿ ಕೆಲವರು ನಕ್ಕರು. ನಮಗೆ ನಗು ಬರಲಿಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಾಗದಿದ್ದರೆ ಅವರ ದುಡ್ಡು ಮುಟ್ಟುವ ಅಧಿಕಾರ ನಮಗಿಲ್ಲವೆಂದು ಅನಿಸಿತು. ಆ ಉತ್ತರ ಹುಡುಕುವುದಕ್ಕಾಗಿ ನಾವು ಮಾಡಿದ ಲೆಕ್ಕಾಚಾರವನ್ನೇ ಇಲ್ಲಿ ಪಾಠದಂತೆ ಬರೆಯುತ್ತಿದ್ದೇವೆ. ವಿದ್ಯಾರ್ಥಿಗಳು ಓದಿ ತಮ್ಮ ಮನೆಯವರಿಗೂ ಓದಿ ಹೇಳಬೇಕು.

ನಮ್ಮ ಮೊದಲ ತಪ್ಪು

ಕೆಲವು ವರ್ಷಗಳ ಹಿಂದೆ ನಾವು ಮಕ್ಕಳನ್ನು ಮುಂಬಯಿಗೆ ಮೊದಲ ಸಲ ಕರೆದೊಯ್ದಾಗ ನಮ್ಮ ಪಟ್ಟಿಯಲ್ಲಿ 14 ಸ್ಥಳಗಳಿದ್ದವು. ಎರಡು ದಿನದಲ್ಲಿ ಹದಿನಾಲ್ಕು! ಕೊಟ್ಟ ದುಡ್ಡಿಗೆ ಹೆಚ್ಚು ತೋರಿಸಿದಷ್ಟೂ ಒಳ್ಳೆಯದೆಂಬುದು ನಮ್ಮ ತಿಳುವಳಿಕೆ. ಬಾಡಿಗೆ ಬಸ್ಸಿನಲ್ಲಿ ಊರೆಲ್ಲ ಅಲೆದೆವು. ಒಂದೊಂದು ಸ್ಥಳದಲ್ಲೂ “ನಡೀರಿ ನಡೀರಿ, ಹೊತ್ತಾತು” ಎಂಬುದೇ ನಮ್ಮ ಮಂತ್ರವಾಗಿತ್ತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅರ್ಧ ಮಕ್ಕಳು ಸೀಟಿನಲ್ಲಿ ಕತ್ತು ವಾಲಿಸಿ ನಿದ್ದೆ ಹೋಗಿದ್ದರು.

ಊರಿಗೆ ಮರಳಿದ ಮೇಲೆ ‘ನಾನು ಕಂಡ ಮುಂಬಯಿ’ ಎಂದು ಪ್ರಬಂಧ ಬರೆಯಿಸಿದೆವು. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: “ಮುಂಬಯಿಯಲ್ಲಿ ಬಹಳ ಬಸ್ಸುಗಳಿವೆ. ನಮ್ಮ ಬಸ್ಸಿನ ಕಿಟಕಿಯಿಂದ ಬೇರೆ ಬಸ್ಸುಗಳು ಕಾಣುತ್ತಿದ್ದವು.” ಅವಳು ಸುಳ್ಳು ಬರೆದಿರಲಿಲ್ಲ. ನಾವು ಅವಳಿಗೆ ತೋರಿಸಿದ್ದೇ ಅದು.

ಗಂಟೆಗಳ ಲೆಕ್ಕ

ಆದ್ದರಿಂದ ಈ ಸಲ ಸ್ಥಳಗಳ ಪಟ್ಟಿ ಮಾಡುವ ಮೊದಲು ಗಂಟೆಗಳ ಲೆಕ್ಕ ಮಾಡಿದೆವು. ಸೊಲ್ಲಾಪುರದಿಂದ ಮುಂಬಯಿಗೆ ಸುಮಾರು 455 ಕಿಲೋಮೀಟರು. ಶುಕ್ರವಾರ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸು ಹಿಡಿದರೆ ಶನಿವಾರ ಬೆಳಿಗ್ಗೆ ಮುಂಬಯಿ. ಭಾನುವಾರ ರಾತ್ರಿ ಅದೇ ಗಾಡಿ ಹಿಡಿದರೆ ಸೋಮವಾರ ಬೆಳಿಗ್ಗೆ ನಮ್ಮೂರು. ಎರಡು ರಾತ್ರಿಗಳ ನಿದ್ದೆ ಗಾಡಿಯಲ್ಲೇ ಆಗುವುದರಿಂದ ಅಲ್ಲಿ ಒಂದೇ ರಾತ್ರಿಯ ವಸತಿ ಸಾಕು.

ಈಗ ಲೆಕ್ಕ ಹಾಕೋಣ. ಶನಿವಾರ ಬೆಳಗಿನ ಆರೂವರೆಯಿಂದ ಭಾನುವಾರ ರಾತ್ರಿ ಹತ್ತೂವರೆಯವರೆಗೆ ಒಟ್ಟು 40 ಗಂಟೆ. ಶನಿವಾರ ರಾತ್ರಿಯ ವಿಶ್ರಾಂತಿಗೆ 9 ಗಂಟೆ ಕಳೆಯಿರಿ, 31 ಉಳಿಯಿತು. ಸ್ನಾನ, ತಿಂಡಿ, ಎರಡು ದಿನದ ಊಟಗಳಿಗೆ 8 ಗಂಟೆ ಹೋದರೆ 23. ಭಾನುವಾರ ಗಂಟುಮೂಟೆ ತೆಗೆದುಕೊಂಡು ಗಾಡಿಯ ವೇಳೆಗೆ ಮೊದಲೇ ನಿಲ್ದಾಣ ಸೇರಲು 2 ಗಂಟೆ, ಉಳಿದದ್ದು 21. ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗಿಬರಲು, ದೋಣಿಯ ಪ್ರಯಾಣವೂ ಸೇರಿ, 6 ಗಂಟೆ, ಉಳಿದದ್ದು 15. ನಲವತ್ತು ಮಕ್ಕಳ ತಲೆ ಎಣಿಸುವುದು, ಟಿಕೀಟಿನ ಸಾಲು, ನೀರು, ಶೌಚ, ಚಪ್ಪಲಿಯ ಉಂಗುಷ್ಟ ಹರಿದದ್ದು ಇತ್ಯಾದಿಗಳಿಗೆ 4 ಗಂಟೆ. ಕೊನೆಗೆ ಕೈಯಲ್ಲಿ ಉಳಿಯುವುದು 11 ಗಂಟೆ ಮಾತ್ರ.

ಈ ಹನ್ನೊಂದು ಗಂಟೆಯನ್ನು 14 ಸ್ಥಳಗಳಿಗೆ ಹಂಚಿದರೆ ಒಂದಕ್ಕೆ 47 ನಿಮಿಷ ಬರುತ್ತದೆ. 6 ಸ್ಥಳಗಳಿಗೆ ಹಂಚಿದರೆ ಒಂದಕ್ಕೆ 110 ನಿಮಿಷ. ಹಿಂದಿನ ಸಲ ನಾವು ಎಲ್ಲಿ ತಪ್ಪಿದೆವು ಎಂಬುದು ಈ ಸಣ್ಣ ಭಾಗಾಕಾರದಿಂದ ಹೊರಬಿತ್ತು. ಪ್ರವಾಸದ ಯೋಜನೆ ಎಂದರೆ ಏನೇನು ನೋಡಬೇಕೆಂದು ಬರೆಯುವುದು ಸುಲಭದ ಅರ್ಧ. ಏನೇನು ಬಿಡಬೇಕೆಂದು ನಿರ್ಧರಿಸುವುದು ಕಷ್ಟದ ಅರ್ಧ. ನಾವು ರಾಣಿಬಾಗ್ ಬಿಟ್ಟೆವು, ಜುಹೂ ಬಿಟ್ಟೆವು, ಹ್ಯಾಂಗಿಂಗ್ ಗಾರ್ಡನ್ ಬಿಟ್ಟೆವು, ವರಳಿಯ ನೆಹರೂ ವಿಜ್ಞಾನ ಕೇಂದ್ರವನ್ನೂ ಮನಸ್ಸು ಗಟ್ಟಿ ಮಾಡಿ ಬಿಟ್ಟೆವು. “ಸರ, ಶಾರೂಖ್ ಖಾನನ ಮನೀ?” ಎಂದು ಕೇಳಿದವರಿಗೆ ನಕ್ಕು ಸುಮ್ಮನಾದೆವು.

ನಕಾಶೆ ಮೊದಲು

ಉಳಿದ ಆರು ಸ್ಥಳಗಳನ್ನು ಆರಿಸಿದ್ದು ನಕಾಶೆ ನೋಡಿ. ಭೂಗೋಲದ ತಾಸಿನಲ್ಲಿ ಮುಂಬಯಿಯ ನಕಾಶೆಯನ್ನು ಗೋಡೆಗೆ ತೂಗುಹಾಕಿ ಮಕ್ಕಳಿಗೇ ಕೇಳಿದೆವು: “ಈ ಊರಿನ ಆಕಾರ ಹ್ಯಾಂಗದ?” ಒಬ್ಬ ಹುಡುಗ “ಮೆಣಸಿನಕಾಯಿ ಹಂಗ” ಎಂದ. ಸರಿಯಾದ ಉತ್ತರ.

ಹಳೆಯ ಮುಂಬಯಿ ಒಂದು ನೆಲವಾಗಿರಲಿಲ್ಲ. ಕುಲಾಬಾ, ಚಿಕ್ಕ ಕುಲಾಬಾ, ಮುಂಬಯಿ, ಮಾಝಗಾಂವ, ಪರಳ, ವರಳಿ, ಮಾಹೀಮ ಎಂಬ ಏಳು ದ್ವೀಪಗಳು. ಪೋರ್ತುಗೀಜರು 1661ರ ಒಪ್ಪಂದದಂತೆ ಇದನ್ನು ತಮ್ಮ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಕೊಟ್ಟರು. ಅವನು 1668ರಲ್ಲಿ ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಮುಂದೆ ದ್ವೀಪಗಳ ನಡುವಣ ನೀರನ್ನು ಒಡ್ಡು ಹಾಕಿ ತುಂಬಿ ನೆಲ ಮಾಡಿದರು. ಹೀಗಾಗಿ ನಗರ ಅಗಲಕ್ಕೆ ಬೆಳೆಯಲು ಜಾಗವಿಲ್ಲದೆ ಉದ್ದಕ್ಕೆ, ದಕ್ಷಿಣದಿಂದ ಉತ್ತರಕ್ಕೆ, ಬೆಳೆಯಿತು. ರೈಲು ದಾರಿಗಳೂ ಹಾಗೆಯೇ ಉದ್ದಕ್ಕೆ ಹೋಗುತ್ತವೆ.

ಇದರಿಂದ ಪ್ರವಾಸಿಗೆ ದೊರೆಯುವ ಪಾಠವೇನು? ಮುಂಬಯಿಯಲ್ಲಿ ಉದ್ದಕ್ಕೆ ಓಡಾಡಿದರೆ ಹೊತ್ತು ಹಾಳು. ಒಂದು ತುದಿಯಲ್ಲಿ ಕಾಲೂರಿ ಸುತ್ತಮುತ್ತ ನಡೆದರೆ ಹೊತ್ತು ಉಳಿತಾಯ. ನಾವು ದಕ್ಷಿಣದ ತುದಿಯನ್ನು ಆರಿಸಿಕೊಂಡು ದೊಡ್ಡ ನಿಲ್ದಾಣಕ್ಕೆ ಹತ್ತಿರದ ಧರ್ಮಶಾಲೆಯಲ್ಲಿ ಇಳಿದುಕೊಂಡೆವು. ಆರರಲ್ಲಿ ನಾಲ್ಕು ಸ್ಥಳಗಳು ಆ ಒಂದೇ ಮೂಲೆಯಲ್ಲಿವೆ. ಐದನೆಯದಕ್ಕೆ ದೋಣಿ ಅಲ್ಲಿಂದಲೇ ಹೊರಡುತ್ತದೆ. ಆರನೆಯದಕ್ಕೆ ಮಾತ್ರ ಲೋಕಲ್ ಗಾಡಿ ಬೇಕು.

ಮೊದಲನೆಯ ದಿನ

ಗಾಡಿಯಿಂದ ಇಳಿದ ನಿಲ್ದಾಣವೇ ಮೊದಲನೆಯ ಪ್ರೇಕ್ಷಣೀಯ ಸ್ಥಳ. ಜನ ಅದರೊಳಗಿನಿಂದ ಓಡುತ್ತಾರೆ, ನಿಂತು ನೋಡುವುದಿಲ್ಲ. ನಾವು ಸ್ನಾನ, ತಿಂಡಿ ಮುಗಿಸಿ ಮತ್ತೆ ಅಲ್ಲಿಗೇ ಬಂದು ರಸ್ತೆಯಾಚೆ ನಿಂತು ಒಂದು ತಾಸು ನೋಡಿದೆವು. ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1878ರಲ್ಲಿ ಕಟ್ಟಲು ಮೊದಲು ಮಾಡಿದ ಈ ನಿಲ್ದಾಣಕ್ಕೆ 1887ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿಟ್ಟರು. 1996ರಲ್ಲಿ ಅದು ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ ‘ಮಹಾರಾಜ’ ಎಂಬುದೂ ಸೇರಿತು. 2004ರಿಂದ ಅದು ವಿಶ್ವ ಪರಂಪರೆಯ ತಾಣ. ದ್ವಾರದ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಕುಳಿತಿವೆ. ಸಿಂಹ ಬ್ರಿಟನ್ನಿನ ಗುರುತು, ಹುಲಿ ಭಾರತದ ಗುರುತು. ಗೋಡೆಯ ಮೇಲೆ ನವಿಲು, ಎಲೆ, ಬಳ್ಳಿಗಳನ್ನು ಹುಡುಕಿ ಎಣಿಸುವ ಪಂದ್ಯವನ್ನೇ ಮಕ್ಕಳು ಹೂಡಿದರು.

ದೇಶದ ಮೊದಲ ಪ್ರಯಾಣಿಕರ ಗಾಡಿ 1853ರ ಏಪ್ರಿಲ್ 16ರಂದು ಹೊರಟದ್ದು ಇಲ್ಲೇ ಬೋರಿಬಂದರಿನಿಂದ. 34 ಕಿಲೋಮೀಟರು ದೂರದ ಠಾಣೆಯವರೆಗೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನುಗಳು ಅದನ್ನು ಎಳೆದವು. ಅದೇ ಕಬ್ಬಿಣದ ದಾರಿ ಬೆಳೆಯುತ್ತ ಬೆಳೆಯುತ್ತ ನಮ್ಮ ಸೊಲ್ಲಾಪುರವನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ದಾರಿಯನ್ನು ಕೂಡಿಕೊಂಡಿತು. ಇದನ್ನು ಹೇಳಿದಾಗ ಒಬ್ಬಳು, “ಹಂಗಾದ್ರ ನಮ್ಮ ಮನೀ ಹಿಂದಿನ ಹಳಿ ಇಲ್ಲಿಂದ ಬಂದದ್ದೇನ್ರೀ ಸರ?” ಎಂದು ಕೇಳಿದಳು. ಹೌದು, ಅಲ್ಲಿಂದ ಬಂದದ್ದೇ.

ಅಲ್ಲಿಂದ ಫ್ಲೋರಾ ಕಾರಂಜಿಯ ಮಾರ್ಗವಾಗಿ ನಡೆದು ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಹೋದೆವು. 1905ರಲ್ಲಿ ಅಡಿಗಲ್ಲು ಬಿದ್ದ ಈ ಕಟ್ಟಡ ಮೊದಲ ಮಹಾಯುದ್ಧದ ಕಾಲಕ್ಕೆ ಆಸ್ಪತ್ರೆಯಾಗಿತ್ತು. 1922ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಎಲ್ಲವನ್ನೂ ನೋಡುವೆನೆಂದು ಹೊರಟರೆ ಇಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕಾಗಿ ನಾವು ಒಂದು ನಿಯಮ ಮಾಡಿದೆವು: ಪ್ರತಿಯೊಬ್ಬರೂ ಒಂದು ಸುತ್ತು ಹಾಕಿ, ಆಮೇಲೆ ಮೂರೇ ವಸ್ತುಗಳನ್ನು ಆರಿಸಿಕೊಂಡು ಅವುಗಳ ಮುಂದೆ ನಿಂತು ವಹಿಯಲ್ಲಿ ಚಿತ್ರ ಬರೆಯಬೇಕು, ಎರಡು ಸಾಲು ಟಿಪ್ಪಣಿ ಮಾಡಬೇಕು. ನಮ್ಮ ಪಾಲಿನ ಒಂದು ವಸ್ತುವನ್ನು ಎಲ್ಲರಿಗೂ ತೋರಿಸಿದೆವು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛತ್ತಿನಲ್ಲಿದ್ದ ಶಿಲ್ಪಫಲಕಗಳು ಇಂದು ಈ ಸಂಗ್ರಹಾಲಯದಲ್ಲಿವೆ. ಚಾಲುಕ್ಯರ ಕಾಲದ ಕಲ್ಲುಕುಟಿಗನ ಕೈಕೆಲಸವನ್ನು ಅರಬ್ಬೀ ಸಮುದ್ರದ ದಂಡೆಯಲ್ಲಿ ಕಂಡು ನಮ್ಮ ಮಕ್ಕಳಿಗೆ ಊರಿನವರೊಬ್ಬರು ಸಿಕ್ಕಂತಾಯಿತು.

ಊಟ, ವಿಶ್ರಾಂತಿಯಾದ ಮೇಲೆ ಸಾಯಂಕಾಲ ಹತ್ತಿರದಲ್ಲೇ ಇರುವ ಗೇಟ್‌ವೇ ಆಫ್ ಇಂಡಿಯಾ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗಾಗಿ ಇದನ್ನು ಕಟ್ಟಿದರು. ದೊರೆ ಬಂದಾಗ ಇದು ಇನ್ನೂ ಇರಲೇ ಇಲ್ಲ. ಅಡಿಗಲ್ಲು ಬಿದ್ದದ್ದು 1913ರಲ್ಲಿ, ಕೆಲಸ ಮುಗಿದದ್ದು 1924ರಲ್ಲಿ. ವಸ್ತುಸಂಗ್ರಹಾಲಯವನ್ನು ರೂಪಿಸಿದ ಜಾರ್ಜ್ ವಿಟೆಟ್ ಎಂಬವರೇ ಇದನ್ನೂ ರೂಪಿಸಿದರು. ದೊರೆಯ ಸ್ವಾಗತಕ್ಕೆಂದು ಕಟ್ಟಿದ ಈ ಕಮಾನಿನ ಮುಂದಿನಿಂದಲೇ 1948ರ ಫೆಬ್ರುವರಿ 28ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಹಡಗು ಹತ್ತಿ ಹೊರಟುಹೋಯಿತು. ಇತಿಹಾಸದ ಪುಸ್ತಕದಲ್ಲಿ ಎರಡು ಬೇರೆ ಬೇರೆ ಅಧ್ಯಾಯಗಳಲ್ಲಿರುವುದು ಅಲ್ಲಿ ಒಂದೇ ಕಲ್ಲಿನ ಬಾಗಿಲಲ್ಲಿ ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಮಲಗಿದೆವು. ಪ್ರವಾಸದಲ್ಲಿ ಬೇಗ ಮಲಗುವುದೂ ಯೋಜನೆಯ ಭಾಗ.

ಎರಡನೆಯ ದಿನ

ಭಾನುವಾರ ಬೆಳಿಗ್ಗೆ ಗೇಟ್‌ವೇಯಿಂದ ದೋಣಿ ಹತ್ತಿ ಘಾರಾಪುರಿಗೆ, ಅಂದರೆ ಎಲಿಫೆಂಟಾ ದ್ವೀಪಕ್ಕೆ ಹೊರಟೆವು. ಒಂದು ತಾಸಿನ ದಾರಿ. ಸಮುದ್ರವನ್ನೇ ನೋಡದ ಮಕ್ಕಳಿಗೆ ಆ ದೋಣಿಯೇ ಒಂದು ಪಾಠಶಾಲೆ. ಎರಡು ಎಚ್ಚರಿಕೆಗಳನ್ನು ಮೊದಲೇ ತಿಳಿದಿರಬೇಕು: ಈ ಗುಹೆಗಳು ಸೋಮವಾರ ಮುಚ್ಚಿರುತ್ತವೆ, ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ದೋಣಿ ಬಿಡುವುದಿಲ್ಲ. ಅದಕ್ಕೇ ನಾವು ಚಳಿಗಾಲವನ್ನೂ ಶನಿವಾರ, ಭಾನುವಾರಗಳನ್ನೂ ಆರಿಸಿಕೊಂಡದ್ದು.

ದ್ವೀಪದಲ್ಲಿ ಮೆಟ್ಟಿಲು ಹತ್ತಬೇಕು. ಮಂಗಗಳು ಕೈಯಲ್ಲಿದ್ದ ತಿಂಡಿ ಕಸಿಯುತ್ತವೆ. ಆದ್ದರಿಂದ ಬುತ್ತಿಯನ್ನು ಅಲ್ಲಿ ಬಿಚ್ಚಬಾರದು. ಗುಹೆಯೊಳಗೆ ಕಾಲಿಟ್ಟ ಕೂಡಲೇ ಗದ್ದಲ ತಾನಾಗಿ ನಿಂತಿತು. ಎದುರಿನ ಗೋಡೆಯಲ್ಲಿ ಮೂರು ಮುಖಗಳ ಸದಾಶಿವ. ಮೂವರು ಆಳುಗಳು ಒಬ್ಬರ ಮೇಲೊಬ್ಬರು ನಿಂತಷ್ಟು ಎತ್ತರ. ನೋಡುವವರ ಎಡಕ್ಕೆ ಉಗ್ರ ಮುಖ, ಬಲಕ್ಕೆ ಹೆಣ್ಣಿನ ಸೌಮ್ಯ ಮುಖ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಈ ಗುಹೆಗಳು ಆರನೆಯ ಶತಮಾನದವೆಂದು ವಿದ್ವಾಂಸರು ಹೇಳುತ್ತಾರೆ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಕವಿಯು, ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ನಾವೆಗಳಿಂದ ಮುತ್ತಿದನೆಂದು ಹೇಳುತ್ತಾನೆ. ಆ ಪುರಿಯೇ ಈ ಘಾರಾಪುರಿ ಎಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ಹಿಂದಿನ ದಿನ ಐಹೊಳೆಯ ಕಲ್ಲು ನೋಡಿದ್ದ ಮಕ್ಕಳು ಈ ಮಾತನ್ನು ಕಿವಿಗೊಟ್ಟು ಕೇಳಿದರು. ಹಿಂದಿನ ಸಲದಂತೆ ಓಡಿಸಿದ್ದರೆ ಯಾರು ಕೇಳುತ್ತಿದ್ದರು?

ಮರಳಿ ದಡ ಸೇರಿ ಬುತ್ತಿ ಬಿಚ್ಚಿದೆವು: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಆಮೇಲೆ ನಿಲ್ದಾಣಕ್ಕೆ ನಡೆದು ಮಧ್ಯ ರೈಲ್ವೆಯ ನಿಧಾನ ಲೋಕಲ್ ಹತ್ತಿ ಮಾಟುಂಗಾಕ್ಕೆ ಹೋದೆವು. ಪ್ರೇಕ್ಷಣೀಯ ಸ್ಥಳಗಳ ಪುಸ್ತಕದಲ್ಲಿ ಮಾಟುಂಗಾ ಇರಲಿಕ್ಕಿಲ್ಲ. ನಮ್ಮ ಪಟ್ಟಿಯಲ್ಲಿ ಅದು ಇರಲೇಬೇಕಾಗಿತ್ತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇರುವುದು ಇಲ್ಲೇ. ನಿಲ್ದಾಣದ ಪಕ್ಕದಲ್ಲಿ 1942ರಿಂದ ನಡೆದಿರುವ ರಾಮಾ ನಾಯಕರ ಉಡುಪಿ ಊಟದ ಮನೆಯೂ ಇದೆ. ಬೀದಿಯಲ್ಲಿ ಹೂವು, ಬಾಳೆಎಲೆ, ಕಾಫಿ ಪುಡಿಯ ವಾಸನೆ. ದಕ್ಷಿಣ ಕನ್ನಡದಿಂದ ನಮ್ಮ ಮಕ್ಕಳ ವಯಸ್ಸಿನ ಹುಡುಗರು ಒಂದು ಕಾಲದಲ್ಲಿ ಈ ಮುಂಬಯಿಗೆ ಬಂದು ಹಗಲು ಹೋಟೆಲುಗಳಲ್ಲಿ ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಅವರಲ್ಲಿ ಎಷ್ಟೋ ಜನ ಮುಂದೆ ವಕೀಲರು, ಬ್ಯಾಂಕಿನ ಅಧಿಕಾರಿಗಳು, ಲೇಖಕರು ಆದರು. ಇಡ್ಲಿ ತಿನ್ನುತ್ತ ಈ ವಿಷಯ ಹೇಳಿದಾಗ ನಮ್ಮ ಹುಡುಗನೊಬ್ಬ ಬಟ್ಟಲು ತೆಗೆಯುತ್ತಿದ್ದ ಕೆಲಸಗಾರನನ್ನು ಕನ್ನಡದಲ್ಲೇ “ಅಣ್ಣಾ, ನಿಮ್ಮೂರು ಯಾವುದ್ರೀ?” ಎಂದು ಮಾತಾಡಿಸಿದ. ಅವರು “ಕುಂದಾಪುರ ಮಾರಾಯಾ, ನಿಂದು?” ಎಂದರು. ಆ ನಗುವನ್ನು ಯಾವ ನಕಾಶೆಯಲ್ಲಿಯೂ ಗುರುತು ಮಾಡಲಾಗದು.

ಮಾಟುಂಗಾದಿಂದ ಸೇತುವೆಯ ಮೇಲೆ ನಡೆದು ಮಾಟುಂಗಾ ರೋಡಿಗೆ ಹೋದರೆ ಅದು ಪಶ್ಚಿಮ ರೈಲ್ವೆ. ಅಲ್ಲಿಂದ ಲೋಕಲ್ ಹಿಡಿದು ಮರೀನ್ ಲೈನ್ಸಿನಲ್ಲಿ ಇಳಿದರೆ ಎದುರಿಗೇ ಸಮುದ್ರ. ಹೀಗೆ ಒಂದು ದಾರಿಯಿಂದ ಹೋಗಿ ಇನ್ನೊಂದು ದಾರಿಯಿಂದ ಬಂದದ್ದರಿಂದ ಎರಡು ರೈಲ್ವೆಗಳ ಪರಿಚಯವಾಯಿತು, ಹೋದ ದಾರಿಯನ್ನೇ ಮತ್ತೆ ತುಳಿಯುವುದು ತಪ್ಪಿತು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಸೂರ್ಯಾಸ್ತ ನೋಡಿದೆವು. ಸುಮಾರು ಮೂರೂವರೆ ಕಿಲೋಮೀಟರಿನ ಆ ಬಾಗಿದ ದಂಡೆಯಲ್ಲಿ ದೀಪಗಳು ಹತ್ತಿದಾಗ ರಾಣಿಯ ಕಂಠೀಹಾರ ಎಂಬ ಹೆಸರು ಅದಕ್ಕೇಕೆ ಬಂತೆಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಆ ಎರಡು ತಾಸು ನಾವು ಏನೂ ತೋರಿಸಲಿಲ್ಲ, ಏನೂ ಹೇಳಲಿಲ್ಲ.

ಲೋಕಲ್ ಗಾಡಿಯ ಶಿಸ್ತು

ಮುಂಬಯಿಯ ಲೋಕಲ್ ಗಾಡಿಗೆ ಎಲ್ಲರೂ ಅಂಜುತ್ತಾರೆ. ಅಂಜಿಕೆಗೆ ಕಾರಣವೂ ಇದೆ. ಹಿಂದಿನ ಪ್ರವಾಸದಲ್ಲಿ ಸಂಜೆಯ ನೂಕುನುಗ್ಗಲಿನ ಹೊತ್ತಿನಲ್ಲಿ ದಾದರಿನಲ್ಲಿ ಗಾಡಿ ಹತ್ತಿಸಿದ್ದು ನಮ್ಮದೇ ಅವಿವೇಕ. ಲೋಕಲ್ ಗಾಡಿ ಒಂದು ನಿಲ್ದಾಣದಲ್ಲಿ ಅರ್ಧ ನಿಮಿಷ ನಿಲ್ಲುವುದೂ ಕಷ್ಟ. ನಾವೆಲ್ಲ ಹತ್ತಿದೆವು, ಎಂಟನೆಯ ಇಯತ್ತೆಯ ಒಬ್ಬ ಹುಡುಗ ಪ್ಲಾಟ್‌ಫಾರ್ಮಿನ ಮೇಲೆ ಉಳಿದ. ಗಾಡಿ ಹೊರಟಿತು. ಕಿಟಕಿಯಿಂದ ಅವನ ಮುಖ ಹಿಂದಕ್ಕೆ ಸರಿದುಹೋದದ್ದನ್ನು ನಾವು ಇಂದಿಗೂ ಮರೆತಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ತಿರುಗಿ ಬಂದಾಗ ಅವನು ಅದೇ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದ. ಪೊಲೀಸರಿಗೆ ಮರಾಠಿಯಲ್ಲಿ ತನ್ನ ಹೆಸರು, ಶಾಲೆ, ಊರು ಎಲ್ಲವನ್ನೂ ಹೇಳಿದ್ದ. “ಯಾಕಪ್ಪಾ, ಅಂಜಿಕಿ ಬರಲಿಲ್ಲೇನು?” ಎಂದರೆ, “ಬಂತ್ರೀ ಸರ. ಆದ್ರ ಜಾತ್ರ್ಯಾಗ ತಪ್ಪಿಸಿಕೊಂಡ್ರ ನಿಂತಲ್ಲೇ ನಿಲ್ಲು, ನಾವೇ ಬರ್ತೀವಿ ಅಂತ ಅಪ್ಪ ಹೇಳ್ಯಾನ್ರೀ” ಎಂದ. ಗಡ್ಡೆಯ ಜಾತ್ರೆಗಾಗಿ ಹೇಳಿದ ಬುದ್ಧಿಮಾತು ದಾದರಿನಲ್ಲಿ ಕೆಲಸಕ್ಕೆ ಬಂತು.

ಆ ದಿನದಿಂದ ಈ ನಿಯಮಗಳನ್ನು ಮಾಡಿಕೊಂಡೆವು:

1. ಹತ್ತತ್ತು ಮಕ್ಕಳ ಗುಂಪು. ಗುಂಪಿಗೊಬ್ಬ ನಾಯಕ, ಒಬ್ಬರು ಶಿಕ್ಷಕರು. ಪ್ರತಿ ಗುಂಪೂ ಬೇರೆ ಬಾಗಿಲಿನಿಂದ ಹತ್ತಬೇಕು.

2. ಉಳಿದವರು ಉಳಿದಲ್ಲೇ ನಿಲ್ಲಬೇಕು. ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ತಿರುಗಿ ಬರಬೇಕು. ಚಲಿಸುವ ಗಾಡಿಯನ್ನು ಯಾರೂ ಹತ್ತಬಾರದು, ಇಳಿಯಬಾರದು.

3. ಪ್ರತಿಯೊಬ್ಬರ ಕಿಸೆಯಲ್ಲಿ ಹೆಸರು, ಶಾಲೆ, ವಸತಿಯ ವಿಳಾಸ, ಇಬ್ಬರು ಶಿಕ್ಷಕರ ಫೋನ್ ನಂಬರುಗಳಿರುವ ಚೀಟಿ ಇರಬೇಕು. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯಕ್ಕೆ 1098, ರೈಲ್ವೆಗೆ 139; ಈ ಮೂರನ್ನು ಬಾಯಿಪಾಠ ಮಾಡಬೇಕು.

4. ಮುಂಜಾನೆ ಜನಪ್ರವಾಹ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ. ಆ ಹೊತ್ತಿನಲ್ಲಿ ಆ ದಿಕ್ಕಿಗೆ ಹೋಗಬಾರದು. ಭಾನುವಾರ ಹಳಿ ದುರಸ್ತಿಗಾಗಿ ಕೆಲವು ಗಾಡಿಗಳನ್ನು ನಿಲ್ಲಿಸುವುದುಂಟು. ಅದಕ್ಕೆ ‘ಮೆಗಾ ಬ್ಲಾಕ್’ ಎನ್ನುತ್ತಾರೆ. ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

5. ಹತ್ತುವ ಮೊದಲು ಗಾಡಿ ‘ಸ್ಲೋ’ ಇದೆಯೋ ‘ಫಾಸ್ಟ್’ ಇದೆಯೋ ನೋಡಬೇಕು. ಫಾಸ್ಟ್ ಗಾಡಿ ಎಲ್ಲ ಕಡೆ ನಿಲ್ಲುವುದಿಲ್ಲ. ಒಂದನೆಯ ದರ್ಜೆಯ ಡಬ್ಬಿಗೆ ತಪ್ಪಿ ಹತ್ತಿದರೆ ದಂಡ.

ರೊಕ್ಕ ಮತ್ತು ಗಂಟು

ರೈಲಿನ ಮುಂಗಡ ಟಿಕೀಟು ಈಗ 60 ದಿನ ಮೊದಲು ಸಿಗುತ್ತದೆ. ನಲವತ್ತು ಜನರ ಟಿಕೀಟನ್ನು ಕೊನೆಯ ವಾರಕ್ಕೆ ಬಿಡಬಾರದು. ವಿದ್ಯಾರ್ಥಿಗಳಿಗೆ ರಿಯಾಯಿತಿ ಸಿಗುತ್ತದೆಯೇ ಎಂದು ರೈಲ್ವೆಯಲ್ಲಿಯೂ ಸಂಗ್ರಹಾಲಯದಲ್ಲಿಯೂ ಮೊದಲೇ ಕೇಳಬೇಕು; ಶಾಲೆಯ ಪತ್ರ ಕೈಯಲ್ಲಿರಬೇಕು. ಖರ್ಚನ್ನು ಮೂರು ಗಂಟು ಮಾಡಬೇಕು: ಗಾಡಿ, ವಸತಿಗಳಂಥ ನಿಶ್ಚಿತ ಖರ್ಚು, ಊಟ, ದೋಣಿ, ಪ್ರವೇಶಗಳ ಖರ್ಚು, ಮುಟ್ಟಲೇಬಾರದ ಆಪತ್ಕಾಲದ ಹಣ. ಮೂರನೆಯ ಗಂಟು ಉಳಿದರೆ ಪಾಲಕರಿಗೆ ಲೆಕ್ಕ ಸಮೇತ ಮರಳಿಸಬೇಕು. ನಾವು ಮರಳಿಸಿದೆವು. ಮಕ್ಕಳ ಕೈಗೆ ಹೆಚ್ಚು ದುಡ್ಡು ಕೊಡಬೇಡಿರಿ. ಒಬ್ಬನ ಕಿಸೆ ತುಂಬಿದ್ದರೆ ಪಕ್ಕದವನ ಮುಖ ಸಣ್ಣದಾಗುತ್ತದೆ.

ಚೀಲ ಒಂದೇ ಇರಲಿ, ಅದನ್ನು ಹೊತ್ತು ಮೆಟ್ಟಿಲು ಹತ್ತಲು ಬರುವಂತಿರಲಿ. ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿಯೇ ಒಳ್ಳೆಯದು. ಪ್ರವಾಸಕ್ಕೆಂದು ಹೊಸದಾಗಿ ಕೊಂಡದ್ದು ಕಚ್ಚುತ್ತದೆ.

ಭಾಷೆಯ ಅಂಜಿಕೆ

“ನಮ್ಮ ಹುಡುಗರು ಕನ್ನಡ ಶಾಳೆಯವರು, ಮುಂಬಯಿಯಲ್ಲಿ ಹೇಗೆ ಮಾತಾಡ್ಯಾರು?” ಎಂಬ ಮಾತನ್ನು ಪ್ರತಿ ವರ್ಷ ಕೇಳುತ್ತೇವೆ. ಇದಕ್ಕೆ ಉತ್ತರ ದಾದರಿನ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದ ಆ ಹುಡುಗ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಪೇಟೆಯಲ್ಲಿ ಮರಾಠಿ, ಓಣಿಯಲ್ಲಿ ತೆಲುಗು. ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಕಲಿಯುತ್ತಾರೆ. ನಾವೂ ಹೀಗೆಯೇ ಎರಡು ಭಾಷೆಗಳ ನಡುವೆ ಓದಿ ಬಂದವರು. ಒಂದು ಭಾಷೆಯನ್ನು ಗಟ್ಟಿಯಾಗಿ ಕಲಿತವನಿಗೆ ಇನ್ನೊಂದು ದೂರವಲ್ಲ. ಗಡಿಯಲ್ಲಿ ಹುಟ್ಟಿದ್ದು ಕೊರತೆಯಲ್ಲ, ಅದು ಸಂಪಾದನೆ. ದೊಡ್ಡ ಊರಿನಲ್ಲಿ ದಾರಿ ಕೇಳಲು ನಾಚಬಾರದು, ಅಷ್ಟೇ.

ಕೊನೆಯ ಮಾತು

ಪ್ರವಾಸ ಮುಗಿದು ಹದಿನೈದು ದಿನವಾದ ಮೇಲೆ, ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಆ ತಾಯಿ ಮಗನ ಶಾಲೆಯ ಕಾಗದಕ್ಕೆ ಸಹಿ ಮಾಡಲು ಬಂದಿದ್ದರು. ಉತ್ತರ ಕೊಡಬೇಕೆಂದು ನಾವು ಮಾತು ಜೋಡಿಸುತ್ತಿದ್ದೆವು. ಅವರೇ ಮೊದಲು ಹೇಳಿದರು: “ಸರ, ನಾ ಬೀಡಿ ಕಟ್ಟಕೋತ ಕುಂತಿದ್ದೆ. ಹುಡುಗ ಖಡು ತಗೊಂಡು ನೆಲದ ಮ್ಯಾಲ ಆ ಊರೆಲ್ಲ ತಗದಾನ್ರೀ. ಇಲ್ಲಿ ಸ್ಟೇಷನ್ನು, ಇಲ್ಲಿ ಸಮುದ್ರ, ಇಲ್ಲಿ ಮೂರು ಮಾರಿ ದೇವ್ರು ಅಂತ. ನಾನೂ ಹೋಗಿ ಬಂದಂಗ ಆತ್ರೀ.”

ಸ್ವಲ್ಪ ತಡೆದು, “ಮುಂದಿನ ಸಲ ನಮ್ಮನ್ನೂ ಕರಕೊಂಡು ಹೋಗ್ತೀರೇನ್ರೀ?” ಎಂದು ಕೇಳಿದರು. ನಾವು ಅದರ ಲೆಕ್ಕಕ್ಕೆ ತೊಡಗಿದ್ದೇವೆ.

ಅಭ್ಯಾಸ

1. ನೀವು ಬೆಳಿಗ್ಗೆ ಏಳಕ್ಕೆ ಒಂದು ನಗರಕ್ಕೆ ತಲುಪಿ ಅದೇ ದಿನ ರಾತ್ರಿ ಒಂಬತ್ತಕ್ಕೆ ಹೊರಡಬೇಕಾಗಿದೆ. ನೋಡುವುದಕ್ಕೆ ನಿಜವಾಗಿ ಉಳಿಯುವ ಗಂಟೆಗಳೆಷ್ಟು? ಲೆಕ್ಕ ಬರೆಯಿರಿ.

2. ಮುಂಬಯಿಯ ನಕಾಶೆಯನ್ನು ಬರೆದು ಈ ಪಾಠದ ಆರು ಸ್ಥಳಗಳನ್ನು ಗುರುತಿಸಿರಿ.

3. ಮುಂಬಯಿಗೂ ಐಹೊಳೆಗೂ ಇರುವ ಎರಡು ಸಂಬಂಧಗಳನ್ನು ತಿಳಿಸಿರಿ.

4. ಗುಂಪಿನಿಂದ ತಪ್ಪಿಸಿಕೊಂಡರೆ ಏನು ಮಾಡುವಿರಿ? ನಿಮ್ಮ ಪಾಲಕರೊಡನೆ ಚರ್ಚಿಸಿ ಐದು ವಾಕ್ಯಗಳಲ್ಲಿ ಬರೆಯಿರಿ.